ಡೇಟಾಬೇಸ್ ಸರ್ವರ್ ಇನ್‌ಸ್ಟಾಲ್ ಆಗದಿದ್ದರೆ ಮೊದಲು ಲಾಗ್ ಓದಿ

ವಿಂಡೋಸ್‌ನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್ ಹಾಕುವಾಗ ತುಂಬಾ ಜನ ಸಿಕ್ಕಿಕೊಳ್ಳುವುದು ಕೊನೆಯ ಹಂತದಲ್ಲಿ. ಫೈಲ್‌ಗಳೆಲ್ಲ ಕಾಪಿ ಆಗಿರುತ್ತವೆ. ಸರ್ವರ್ ಸ್ಟಾರ್ಟ್ ಮಾಡುವ ಸಾಲಿನ ಪಕ್ಕ ಕೆಂಪು ಗುರುತು ಬಂದು ನಿಂತುಬಿಡುತ್ತದೆ. ಆಗ ತಕ್ಷಣ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕೋಣ ಅನಿಸುತ್ತದೆ, ಅಲ್ವಾ? ನಾನು ಮೂರು ಸಲ ಹಾಗೇ ಮಾಡಿದೆ. ಮೂರೂ ಸಲ ಅದೇ ಜಾಗದಲ್ಲಿ ನಿಂತಿತು.

ಇಲ್ಲಿ ನಡೆಯುವುದು ಎರಡು ಬೇರೆ ಕೆಲಸ. ಪ್ರೋಗ್ರಾಂ ಫೈಲ್‌ಗಳನ್ನು ಡಿಸ್ಕ್‌ಗೆ ಹಾಕುವುದು ಒಂದು, ಸರ್ವರನ್ನು ವಿಂಡೋಸ್ ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಆಗಿ, ಶುರು ಮಾಡುವುದು ಇನ್ನೊಂದು. ಕೆಟ್ಟಿರುವುದು ಎರಡನೆಯದು. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸರಿ ಇರುವ ಕೆಲಸವನ್ನೇ ಸುಮ್ನೆ ಇನ್ನೊಮ್ಮೆ ಮಾಡಿದಂತಾಗುತ್ತದೆ.

ನಿಜವಾದ ಕಾರಣ ಎರರ್ ಲಾಗ್‌ನಲ್ಲಿರುತ್ತದೆ, ಅಂದರೆ ಸರ್ವರ್ ತನಗಾದ ತೊಂದರೆಗಳನ್ನು ಬರೆದಿಡುವ ಫೈಲ್‌ನಲ್ಲಿ. 8.0 ಆವೃತ್ತಿಯಲ್ಲಿ ಸಾಮಾನ್ಯವಾಗಿ ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಒಳಗಿನ ಮೈಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ 'ಡೇಟಾ' ಎಂಬ ಫೋಲ್ಡರ್ ಇರುತ್ತದೆ. ನಿಮ್ಮ ಕಂಪ್ಯೂಟರ್ ಹೆಸರಿನಲ್ಲೇ ಇರುವ ಲಾಗ್ ಫೈಲ್ ಅಲ್ಲಿ ಸಿಗುತ್ತದೆ. ಪ್ರೋಗ್ರಾಂಡೇಟಾ ಕಾಣದಿದ್ದರೆ ಗಾಬರಿ ಬೇಡ, ಅದು ಹಿಡನ್ ಫೋಲ್ಡರ್. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೊನೆಯ ಸಲ ಸ್ಟಾರ್ಟ್ ಮಾಡಿದ ಸಮಯದಿಂದ ಕೆಳಗೆ ಓದುತ್ತಾ 'ಎರರ್' ಎಂದಿರುವ ಮೊದಲ ಸಾಲನ್ನು ಹಿಡಿಯಿರಿ. ಕೊನೆಯ ಎರರ್ ಸಾಲು ಬರೀ 'ಅಬಾರ್ಟಿಂಗ್' (ನಿಲ್ಲಿಸುತ್ತಿದ್ದೇನೆ) ಅನ್ನುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ನನ್ನ ಲಾಗ್‌ನಲ್ಲಿ ಇದ್ದದ್ದು ಒಂದು ಪ್ರಶ್ನೆ: 3306ನೇ ಪೋರ್ಟ್‌ನಲ್ಲಿ ಈಗಾಗಲೇ ಬೇರೆ ಸರ್ವರ್ ಓಡುತ್ತಿದೆಯೇ? ಓಡುತ್ತಿತ್ತು. ಪೋರ್ಟ್ ಅಂದರೆ ಸರ್ವರ್ ಸಂಪರ್ಕಕ್ಕೆ ಕಾಯುವ ಸಂಖ್ಯೆಯ ಬಾಗಿಲು; ಅದು ಒಂದು ಪ್ರೋಗ್ರಾಂ ಕೈಯಲ್ಲಿದ್ದರೆ ಇನ್ನೊಂದಕ್ಕೆ ಸಿಗುವುದಿಲ್ಲ. ಯಾರ ಕೈಯಲ್ಲಿದೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಸ್ಟ್ಯಾಟ್' ಕಮಾಂಡನ್ನು ಎ, ಎನ್, ಒ ಆಯ್ಕೆಗಳ ಜೊತೆ ಕೊಡಿ. 3306 ಇರುವ, 'ಲಿಸನಿಂಗ್' ಎಂದಿರುವ ಸಾಲಿನ ಕೊನೆಯ ಸಂಖ್ಯೆಯೇ ಪ್ರೋಸೆಸ್ ಐಡಿ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಅದೇ ಸಂಖ್ಯೆ ಹುಡುಕಿದರೆ ಹೆಸರು ಸಿಗುತ್ತದೆ. ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಕೊಡುವ ಎಕ್ಸ್‌ಎಎಂಪಿಪಿ ಹಾಕಿಕೊಂಡವರಲ್ಲಿ ಅದರ ಜೊತೆ ಬರುವ ಮರಿಯಾಡಿಬಿ ಎಂಬ ಡೇಟಾಬೇಸ್ ಸರ್ವರ್ ಇಲ್ಲಿ ಕೂತಿರಬಹುದು. ಅದನ್ನು ನಿಲ್ಲಿಸಿ, ಇಲ್ಲವೇ ಹೊಸ ಸರ್ವರ್‌ಗೆ 3307 ಕೊಡಿ. ನಾನು 3307 ಕೊಟ್ಟೆ, ಹಳೆಯದೂ ಬೇಕಿತ್ತು.

ಪೋರ್ಟ್ ಖಾಲಿ ಇದ್ದರೂ ಆಗುತ್ತಿಲ್ಲವೇ? ಹಳೆಯ ಡೇಟಾ ಫೋಲ್ಡರ್ ನೋಡಿ. ಅನ್‌ಇನ್‌ಸ್ಟಾಲ್ ಮಾಡಿದರೂ ಅದು ಹಾಗೇ ಉಳಿದಿರಬಹುದು. 8.4 ಬರೆದ ಫೈಲ್‌ಗಳನ್ನು 8.0 ತೆರೆಯುವುದಿಲ್ಲ. ಹಳೆಯ ರೂಟ್ (ಮುಖ್ಯ ಬಳಕೆದಾರ) ಪಾಸ್‌ವರ್ಡ್ ಕೂಡ ಅದರಲ್ಲೇ ಇರುತ್ತದೆ, ಹಾಗಾಗಿ ಹೊಸ ಪಾಸ್‌ವರ್ಡ್ ಹಿಡಿಯುವುದಿಲ್ಲ. ದಯವಿಟ್ಟು ಆ ಫೋಲ್ಡರನ್ನು ಡಿಲೀಟ್ ಮಾಡಬೇಡಿ, ನಿಮ್ಮ ಟೇಬಲ್‌ಗಳು ಅಲ್ಲೇ ಇರುವುದು. ಸರ್ವಿಸ್ ನಿಲ್ಲಿಸಿ, ಫೋಲ್ಡರ್‌ನ ಹೆಸರು ಬದಲಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ಮೈಎಸ್‌ಕ್ಯೂಎಲ್ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಇಲ್ಲದಿದ್ದರೆ, ಡಿಎಲ್‌ಎಲ್ (ಅದರ ಒಂದು ಫೈಲ್) ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಅದನ್ನು ಹಾಕಿದರೆ ಮುಗಿಯಿತು.

ಮೈಕ್ರೋಸಾಫ್ಟ್‌ನ ಬೇರೆ ಡೇಟಾಬೇಸ್ ಸರ್ವರ್ ಆದ ಎಸ್‌ಕ್ಯೂಎಲ್ ಸರ್ವರ್ ಕಲಿಯುವವರಿಗೆ ಇನ್ನೊಂದು ತೊಡಕಿದೆ. ಅದು ಡಿಸ್ಕ್‌ನ ಸೆಕ್ಟರ್ (ಒಂದು ಸಲಕ್ಕೆ ಓದಿ ಬರೆಯುವ ತುಣುಕು) ಗಾತ್ರ 512 ಅಥವಾ 4096 ಬೈಟ್ ಇದ್ದರೆ ಮಾತ್ರ ಒಪ್ಪುತ್ತದೆ. ವಿಂಡೋಸ್ 11 ಇರುವ ಕೆಲವು ಹೊಸ ಎಸ್‌ಎಸ್‌ಡಿಗಳು ಇದಕ್ಕಿಂತ ಜಾಸ್ತಿ ತೋರಿಸುತ್ತವೆ. ಆಗ 'ರಿಕವರಿ ಹ್ಯಾಂಡಲ್' ಎಂಬ ಎರರ್ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎಫ್‌ಎಸ್‌ಯುಟಿಲ್' ಮೂಲಕ ಸೆಕ್ಟರ್ ಮಾಹಿತಿ ನೋಡಿ. ಸಂಖ್ಯೆ 4096 ದಾಟಿದ್ದರೆ, 4096 ತೋರಿಸುವ ಬೇರೆ ಡ್ರೈವ್‌ಗೆ ಹಾಕುವುದೇ ಸುಲಭದ ದಾರಿ.