ಸುಗ್ರೀವಾಜ್ಞೆ: ಬ್ರಿಟಿಷರ ಕಾಲದ ಹುಕುಂಗಳಿಗೆಲ್ಲ ಇದೊಂದೇ ಹೆಸರಲ್ಲ

ಬ್ರಿಟಿಷರು 1854ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ನಮ್ಮಲ್ಲಿ ಅಂಚೆ ಇಲಾಖೆ ಶುರು ಮಾಡಿದರು ಅಂತ ಬರೆದಿದ್ದನ್ನು ಮೊನ್ನೆ ಮತ್ತೆ ಓದಿದೆ. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ವರ್ಷ ಸರಿ, ಅಂಚೆಯೂ ಸರಿ, ಸುಗ್ರೀವಾಜ್ಞೆ ಮಾತ್ರ ತಪ್ಪು. ಶಾಸನಸಭೆಯನ್ನು ಬಿಟ್ಟು ಒಬ್ಬನೇ ತುರ್ತು ಕಾನೂನು ಹೊರಡಿಸುವ ಅಧಿಕಾರವೇ 1854ರಲ್ಲಿ ಗವರ್ನರ್ ಜನರಲ್‌ಗೆ ಇರಲಿಲ್ಲ. ಅದು ಸಿಕ್ಕಿದ್ದು ಏಳು ವರ್ಷ ಆದಮೇಲೆ, 1861ರ ಇಂಡಿಯನ್ ಕೌನ್ಸಿಲ್ಸ್ ಆಕ್ಟ್‌ನಿಂದ. 1854ರದ್ದು ಕಾಯ್ದೆ. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಕೌನ್ಸಿಲ್ ಮುಂದೆ ಬಂದು ಪಾಸಾದ, ಆ ವರ್ಷದ 17ನೇ ಕಾಯ್ದೆ. ದೂರ ಎಷ್ಟೇ ಇರಲಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ ಅನ್ನೋ ಒಂದೇ ದರ ಬಂದಿದ್ದು ಆವಾಗಲೇ.

ಮನೆಮಾತಿನಲ್ಲಿ ಈ ಪದ ಬಳಸೋದರ ಬಗ್ಗೆ ನನ್ನ ತಕರಾರಿಲ್ಲ. ರಾತ್ರಿ ಎಂಟರೊಳಗೆ ಮನೇಲಿರಬೇಕು ಅಂತ ಅಮ್ಮ ಹೇಳಿದರೆ ಅದು ಸುಗ್ರೀವಾಜ್ಞೆಯೇ. ಆ ಅರ್ಥವೇ ಮೊದಲಿನದು, ಕಾನೂನಿನ ಅರ್ಥ ಆಮೇಲೆ ಸೇರಿದ್ದು. ತೊಂದರೆ ಇರೋದು ಇತಿಹಾಸ ಬರೆಯುವಾಗ, ಸರ್ಕಾರದ ಸುದ್ದಿ ಬರೆಯುವಾಗ. ಅಲ್ಲಿ ಸುಗ್ರೀವಾಜ್ಞೆ ಅಂದರೆ ಆರ್ಡಿನೆನ್ಸ್, ಬೇರೇನೂ ಅಲ್ಲ. ಆರ್ಡರ್ ಅಂತೂ ಅಲ್ಲವೇ ಅಲ್ಲ. ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ ಅಂತ ಅನುವಾದದಲ್ಲಿ ಒಂದೇ ಮಾಡಿಬಿಡುತ್ತಾರೆ, ಅಷ್ಟೆ.

ಈ ಪದ ನನಗೆ ಬಹಳ ಇಷ್ಟ. ಹಿಂದಿಯಲ್ಲಿ ಅಧ್ಯಾದೇಶ ಅನ್ನುತ್ತಾರೆ, ಒಣ ಪದ. ತಮಿಳಿನಲ್ಲಿ ಅವಸರ ಚಟ್ಟಂ, ಅಂದರೆ ತುರ್ತಿನ ಕಾನೂನು. ಅರ್ಥ ನೇರವಾಗಿದೆ, ಒಪ್ಪುತ್ತೇನೆ. ಮರಾಠಿಯಲ್ಲಿ ವಟಹುಕೂಮ್ ಅಂತಲೂ ಇದೆ. ಕನ್ನಡದವರು ಮಾತ್ರ ನೇರ ಕಿಷ್ಕಿಂಧೆಗೇ ಹೋಗಿ ಪದ ತಂದರು.

ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದರೆ ಜನ ಅರ್ಧ ಕಥೆ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಮಳೆಗಾಲ ಮುಗಿದರೂ ಸುಗ್ರೀವ ಸೀತೆಯನ್ನು ಹುಡುಕಿಸುವ ಮಾತನ್ನೇ ಮರೆತು ಕೂತಿರುತ್ತಾನೆ. ಹನುಮಂತ ನೆನಪಿಸಿದ ಮೇಲೆ ನೀಲನನ್ನು ಕರೆದು, ಎಲ್ಲ ಕಡೆಯ ಕಪಿಗಳಿಗೂ ಹೇಳಿಕಳಿಸು ಅನ್ನುತ್ತಾನೆ. ಹದಿನೈದು ದಿನದೊಳಗೆ ಬರಬೇಕು, ಬರದವರಿಗೆ ಮರಣದಂಡನೆ. ಸೇನೆ ಸೇರಿದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ತಂಡ ಕಳಿಸುತ್ತಾನೆ. ಆಗ ಮತ್ತೊಂದು ಗಡುವು: ಒಂದು ತಿಂಗಳು. ಅದು ದಾಟಿ ಬಂದವನು ಉಳಿಯುವುದಿಲ್ಲ. ದಕ್ಷಿಣಕ್ಕೆ ಹೋದ ಅಂಗದನ ತಂಡ ಸ್ವಯಂಪ್ರಭೆಯ ಗುಹೆಯೊಳಗೆ ಸಿಕ್ಕಿಕೊಂಡು ದಿನಗಳ ಲೆಕ್ಕ ತಪ್ಪುತ್ತದೆ. ಹೊರಗೆ ಬಂದಾಗ ತಿಂಗಳು ಮುಗಿದಿದೆ, ಸೀತೆ ಸಿಕ್ಕಿಲ್ಲ. ವಾಪಸ್ ಹೋದರೂ ಸಾವೇ, ಇಲ್ಲೇ ಉಪವಾಸ ಕೂತು ಸಾಯೋಣ ಅಂತ ಸಮುದ್ರದ ದಡದಲ್ಲಿ ಕೂತುಬಿಡುತ್ತಾರೆ. ಸಂಪಾತಿ ಬಂದು ಸೀತೆಯ ಸುದ್ದಿ ಹೇಳೋದು ಆಮೇಲೆ. ಗಡುವು ದಾಟಿದ್ದಕ್ಕೇ ಯುವರಾಜನೊಬ್ಬ ಸಾಯಲು ಕೂತ, ಆ ಆಜ್ಞೆಯ ಬಿಗಿ ಅಂಥದ್ದು.

ಜನ ಹಿಡಿದುಕೊಂಡಿದ್ದು ಆ ಬಿಗಿಯನ್ನು ಮಾತ್ರ. ಮೀರಲಾಗದ ಕಟ್ಟಪ್ಪಣೆ ಎಲ್ಲಿದ್ದರೂ ಸುಗ್ರೀವಾಜ್ಞೆ ಅಂದುಬಿಡುತ್ತಾರೆ. ಆದರೆ ಕಥೆಯಲ್ಲಿ ಇನ್ನೆರಡು ಸಂಗತಿ ಇವೆ, ಕಾನೂನಿನ ಪದಕ್ಕೆ ಬೇಕಾದವು ಅವೇ. ಒಂದು, ತುರ್ತು. ಇನ್ನೊಂದು, ದಿನದ ಲೆಕ್ಕ. ವ್ಯತ್ಯಾಸ ಇಷ್ಟೇ: ಸುಗ್ರೀವನ ಆಜ್ಞೆಯಲ್ಲಿ ಗಡುವು ಇದ್ದದ್ದು ಕಪಿಗಳಿಗೆ, ಸರ್ಕಾರದ ಸುಗ್ರೀವಾಜ್ಞೆಯಲ್ಲಿ ಗಡುವು ಇರೋದು ಆಜ್ಞೆಗೇ. 1861ರ ಕಾಯ್ದೆಯ 23ನೇ ಸೆಕ್ಷನ್ ಹೇಳಿದ್ದು ಇದನ್ನೇ. ತುರ್ತು ಸಂದರ್ಭದಲ್ಲಿ ಗವರ್ನರ್ ಜನರಲ್ ಒಬ್ಬನೇ ಆರ್ಡಿನೆನ್ಸ್ ಹೊರಡಿಸಬಹುದು, ಅದಕ್ಕೆ ಶಾಸನಸಭೆ ಮಾಡಿದ ಕಾಯ್ದೆಯಷ್ಟೇ ಬಲ, ಆದರೆ ಆಯಸ್ಸು ಜಾಸ್ತಿ ಅಂದರೆ ಆರು ತಿಂಗಳು. ಆಮೇಲಿನ ಗವರ್ನಮೆಂಟ್ ಆಫ್ ಇಂಡಿಯಾ ಆಕ್ಟ್‌ನಲ್ಲಿ ಇದೇ 72ನೇ ಸೆಕ್ಷನ್ ಆಯಿತು.

ಈ ಎರಡು ಸಂಗತಿ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ 1930ರ 3ನೇ ಸುಗ್ರೀವಾಜ್ಞೆ ನೋಡಬೇಕು. ಲಾಹೋರ್ ಪಿತೂರಿ ಮೊಕದ್ದಮೆಯ ಸುಗ್ರೀವಾಜ್ಞೆ. ಭಗತ್ ಸಿಂಗ್ ಮತ್ತು ಜೊತೆಗಾರರು ಜೈಲಿನಲ್ಲಿ ಉಪವಾಸ ಕೂತಿದ್ದರು, ವಿಚಾರಣೆ ಮುಂದಕ್ಕೆ ಹೋಗುತ್ತಿರಲಿಲ್ಲ. ಆರೋಪಿಗಳು ಇಲ್ಲದೆಯೂ ವಿಚಾರಣೆ ನಡೆಸಲು 1929ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಅಸೆಂಬ್ಲಿಗೆ ಒಂದು ಮಸೂದೆ ತಂದರು. ಅಲ್ಲಿ ಜಿನ್ನಾ ಸೇರಿದಂತೆ ಹಲವರು ವಿರೋಧಿಸಿದರು, ಮಸೂದೆ ಪಾಸಾಗಲಿಲ್ಲ. 1930ರ ಮೇ 1ರಂದು ವೈಸ್‌ರಾಯ್, ಅಂದರೆ ಗವರ್ನರ್ ಜನರಲ್, ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿದರು. ತುರ್ತು ಪರಿಸ್ಥಿತಿ ಉಂಟಾಗಿರುವುದರಿಂದ ಅಂತಲೇ ಅದರ ಮೊದಲ ಸಾಲು. ಮೂವರು ಜಡ್ಜ್‌ಗಳ ವಿಶೇಷ ನ್ಯಾಯಮಂಡಳಿ ರಚನೆಯಾಯಿತು. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಇಲ್ಲ. ಆರು ತಿಂಗಳು ಅಕ್ಟೋಬರ್ ಕೊನೆಗೆ ಮುಗಿಯುತ್ತಿತ್ತು, ಮುಗಿದರೆ ನ್ಯಾಯಮಂಡಳಿಯೂ ಇಲ್ಲ. ತೀರ್ಪು ಬಂದಿದ್ದು ಅಕ್ಟೋಬರ್ 7ಕ್ಕೆ. ಅಸಲಿಗೆ ತುರ್ತು ಪರಿಸ್ಥಿತಿಯೇ ಇರಲಿಲ್ಲ ಅಂತ ಆಗಿನ ಕೊನೆಯ ಅಪೀಲು ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರೆ, ತುರ್ತು ಇದೆಯೋ ಇಲ್ಲವೋ ಅನ್ನೋದನ್ನು ತೀರ್ಮಾನಿಸುವವನು ಗವರ್ನರ್ ಜನರಲ್ ಒಬ್ಬನೇ ಅಂತ 1931ರ ಫೆಬ್ರವರಿಯಲ್ಲಿ ಅರ್ಜಿ ವಜಾ ಮಾಡಿದರು. ಮಾರ್ಚ್ 23ಕ್ಕೆ ಗಲ್ಲು.

ಇದನ್ನು ಸುಮ್ನೆ ಬ್ರಿಟಿಷರ ಆದೇಶ ಅಂತ ಬರೆದರೆ ಏನು ನಡೆಯಿತು ಅನ್ನೋದೇ ತಿಳಿಯಲ್ಲ. ಸಭೆಯಲ್ಲಿ ಆಗದ್ದನ್ನು ಸಭೆಯನ್ನು ಬಿಟ್ಟು ಮಾಡಿದರು, ಅದೂ ಆರು ತಿಂಗಳ ಗಡಿಯಾರ ಇಟ್ಟುಕೊಂಡು. ಸುಗ್ರೀವಾಜ್ಞೆ ಅನ್ನೋ ಪದ ಹೇಳಬೇಕಾದ್ದು ಇದನ್ನು. ರೌಲಟ್ ಸುಗ್ರೀವಾಜ್ಞೆ ಅಂತ ಬರೆಯುವವರೂ ಇದ್ದಾರೆ. 1919ರ ರೌಲಟ್ ಕಾಯ್ದೆ ಶಾಸನಸಭೆಯಲ್ಲೇ ಪಾಸಾಗಿದ್ದು. ಭಾರತೀಯ ಸದಸ್ಯರು ಬೇಡ ಅಂದರೂ ಸರ್ಕಾರದ ಕಡೆಯ ಓಟುಗಳಿಂದ ಪಾಸು ಮಾಡಿಕೊಂಡರು. ಅನ್ಯಾಯ ಎರಡು ಕಡೆಯೂ ಇದೆ, ಆದರೆ ಅನ್ಯಾಯದ ದಾರಿ ಬೇರೆ ಬೇರೆ.

ಇನ್ನೊಂದು ಗೊಂದಲ ರೆಗ್ಯುಲೇಷನ್‌ನದು. 1907ರಲ್ಲಿ ಲಾಲಾ ಲಜಪತ್ ರಾಯ್ ಅವರನ್ನು ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿದ್ದು ಸುಗ್ರೀವಾಜ್ಞೆಯಿಂದಲ್ಲ, ಬಂಗಾಳದ 1818ರ 3ನೇ ರೆಗ್ಯುಲೇಷನ್‌ನಿಂದ. ಅಂದರೆ ಆ ಹೊತ್ತಿಗೆ ಅದಕ್ಕೆ 89 ವರ್ಷ ವಯಸ್ಸು. 1833ರ ಚಾರ್ಟರ್ ಆಕ್ಟ್‌ಗೆ ಮುಂಚೆ ಕಂಪನಿ ಸರ್ಕಾರದ ಕಾನೂನುಗಳಿಗೆ ಆಕ್ಟ್ ಅನ್ನೋ ಹೆಸರಿರಲಿಲ್ಲ, ರೆಗ್ಯುಲೇಷನ್ ಅನ್ನೋದೇ ಹೆಸರು. ಆಮೇಲೆ 1870ರಲ್ಲಿ ಆ ಹೆಸರು ಬೇರೆ ವೇಷದಲ್ಲಿ ವಾಪಸ್ ಬಂತು. ಕೆಲವು ಪ್ರದೇಶಗಳಿಗೆ ಶಾಸನಸಭೆಗೆ ಒಯ್ಯದೆಯೇ ಕಾನೂನು ಮಾಡುವ ವ್ಯವಸ್ಥೆ ಅದು. ನಮ್ಮ ಕೊಡಗು ಅದರಡಿ ಇತ್ತು. ಕೊಡಗಿನ ಜಮ್ಮಾ ಜಮೀನಿನ, ಅಂದರೆ ವಂಶಪಾರಂಪರ್ಯವಾಗಿ ಬರುವ ಜಮೀನಿನ, ವಿಚಾರ ಬಂದಾಗಲೆಲ್ಲ 1899ರ ಕೂರ್ಗ್ ಭೂಕಂದಾಯ ರೆಗ್ಯುಲೇಷನ್ ಹೆಸರು ಬರೋದು ಇದಕ್ಕೇ. ಮೈಸೂರು ಸಂಸ್ಥಾನದಲ್ಲೂ ಮಾಮೂಲಿ ಕಾಯ್ದೆಗೆ ರೆಗ್ಯುಲೇಷನ್ ಅಂತಲೇ ಹೆಸರು, 1894ರ ಬಾಲ್ಯವಿವಾಹ ತಡೆ ರೆಗ್ಯುಲೇಷನ್ ಇದ್ದ ಹಾಗೆ. ಇವು ಯಾವುದಕ್ಕೂ ಆರು ತಿಂಗಳ ಗಡುವಿಲ್ಲ. ಇವನ್ನು ಸುಗ್ರೀವಾಜ್ಞೆ ಅನ್ನಬೇಡಿ. ಕಟ್ಟಳೆ ಅನ್ನಿ, ಇಲ್ಲವಾದರೆ ರೆಗ್ಯುಲೇಷನ್ ಅಂತಲೇ ಬಿಡಿ, ನಷ್ಟವಿಲ್ಲ.

ಮತ್ತೆ ಅಂಚೆಗೆ ಬರುತ್ತೇನೆ, ಜಾಸ್ತಿ ತಪ್ಪು ಆಗೋದೇ ಇಲ್ಲಿ. 1898ರ ಇಂಡಿಯನ್ ಪೋಸ್ಟ್ ಆಫೀಸ್ ಆಕ್ಟ್ ಅನ್ನೋದು ಕಾಯ್ದೆ. ಅದರ ಕೆಳಗೆ ಗೆಜೆಟ್‌ನಲ್ಲಿ ಅಂಚೆ ದರ ಪ್ರಕಟಿಸಿದರೆ ಅದು ಅಧಿಸೂಚನೆ. ಅದೇ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ತುರ್ತು ಅಂತಲೋ ಸಾರ್ವಜನಿಕ ಸುರಕ್ಷತೆ ಅಂತಲೋ ಕಾರಣ ಕೊಟ್ಟು ಯಾರ ಕಾಗದವನ್ನು ಬೇಕಾದರೂ ತಡೆದು ಇಟ್ಟುಕೊಳ್ಳಿ ಅಂತ ಹೇಳಿದರೆ ಅದು ಆದೇಶ. ತುರ್ತು ಅನ್ನೋ ಪದ ಕಂಡ ತಕ್ಷಣ ಇದನ್ನೂ ಸುಗ್ರೀವಾಜ್ಞೆ ಅಂತ ಬರೆಯುತ್ತಾರೆ. ಅಲ್ಲ. ಕಾಗದ ತಡೆಯೋಕೆ ಬ್ರಿಟಿಷರಿಗೆ ಸುಗ್ರೀವಾಜ್ಞೆ ಬೇಕಾಗಿಯೇ ಇರಲಿಲ್ಲ, ಆ ಅಧಿಕಾರವನ್ನು ಕಾಯಂ ಕಾಯ್ದೆಯೊಳಗೇ ಇಟ್ಟುಕೊಂಡಿದ್ದರು. ಅದಕ್ಕೇ ಅದು ಅಷ್ಟು ದಿನ ಬಾಳಿತು. 1898ರ ಆ ಕಾಯ್ದೆ ರದ್ದಾಗಿ 2023ರ ಹೊಸ ಕಾಯ್ದೆ ಜಾರಿಗೆ ಬಂದಿದ್ದು 2024ರ ಜೂನ್ 18ಕ್ಕೆ. ಸುಗ್ರೀವಾಜ್ಞೆ ಆಗಿದ್ದಿದ್ದರೆ 1899 ಮುಗಿಯೋದರೊಳಗೆ ಸತ್ತುಹೋಗುತ್ತಿತ್ತು. ಹಾಗೇ 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋದದ್ದನ್ನೂ ಸುಗ್ರೀವಾಜ್ಞೆಗೆ ಕಟ್ಟಬೇಡಿ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು ಬಂದಿದ್ದ ಅಂಚೆಯನ್ನು ಸಂಸ್ಥಾನ ಬಿಟ್ಟುಕೊಟ್ಟಿದ್ದು ಅದು.

ಹೊರದೇಶದ ದಾಖಲೆ ಅನುವಾದ ಮಾಡುವವರಿಗೆ ಒಂದು ಮಾತು. ಸಿಲೋನ್, ಹಾಂಗ್‌ಕಾಂಗ್‌ನಂಥ ಬ್ರಿಟಿಷ್ ವಸಾಹತುಗಳಲ್ಲಿ ಶಾಸನಸಭೆ ಮಾಡಿದ ಮಾಮೂಲಿ ಕಾಯ್ದೆಗೇ ಆರ್ಡಿನೆನ್ಸ್ ಅನ್ನುತ್ತಿದ್ದರು. ಹಾಂಗ್‌ಕಾಂಗ್‌ನಲ್ಲಿ ಇವತ್ತಿಗೂ ಪೋಸ್ಟ್ ಆಫೀಸ್ ಆರ್ಡಿನೆನ್ಸ್ ಇದೆ, ಅದು ಕಾಯಂ ಕಾನೂನು. ಅದನ್ನು ಕನ್ನಡಕ್ಕೆ ಅಂಚೆ ಸುಗ್ರೀವಾಜ್ಞೆ ಅಂತ ತಂದರೆ ಓದುವವರು ತುರ್ತಾಗಿ ಏನೋ ಆಗಿದೆ ಅಂದುಕೊಳ್ಳುತ್ತಾರೆ. ಅಲ್ಲಿ ಕಾಯ್ದೆ ಅನ್ನೋದೇ ಸರಿ. ಇಂಗ್ಲಿಷಿನ ಪದ ಒಂದೇ ಆದ ಮಾತ್ರಕ್ಕೆ ಕನ್ನಡದ ಪದವೂ ಒಂದೇ ಇರಬೇಕಾಗಿಲ್ಲ.

ಆರು ತಿಂಗಳ ಮಾತಿಗೆ ಒಂದು ಅಪವಾದ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಆ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು, 1946ರ ಏಪ್ರಿಲ್ 1ರವರೆಗೆ. ಆ ನಡುವೆ ಬಂದ ಸುಗ್ರೀವಾಜ್ಞೆಗಳಿಗೆ ಕೊನೆಯ ದಿನ ಅಂತ ಒಂದು ಇರಲೇಬೇಕು ಅನ್ನೋ ನಿಯಮವಿರಲಿಲ್ಲ. 500, 1000, 10000 ರೂಪಾಯಿ ನೋಟು ರದ್ದು ಮಾಡಿದ 1946ರ ಜನವರಿಯ ಸುಗ್ರೀವಾಜ್ಞೆ ಈ ಅವಧಿಯದ್ದು. 1944ರ ಕ್ರಿಮಿನಲ್ ಲಾ ತಿದ್ದುಪಡಿ ಸುಗ್ರೀವಾಜ್ಞೆಯೂ ಹಾಗೇ. ಅದು ಇನ್ನೂ ಬದುಕಿದೆ, ಲಂಚದ ಕೇಸುಗಳಲ್ಲಿ ಆಸ್ತಿ ಜಪ್ತಿ ಮಾಡೋಕೆ ನಮ್ಮ ಕೋರ್ಟುಗಳಲ್ಲಿ ಬಳಸಿದ್ದಾರೆ. ಅದನ್ನು ಕಾಯ್ದೆ ಅಂತ ತಿದ್ದಲು ಹೋಗಬೇಡಿ. ಎಂಟು ದಶಕ ದಾಟಿದರೂ ಅದರ ಹೆಸರು ಸುಗ್ರೀವಾಜ್ಞೆಯೇ.