ಒತ್ತಿದರೆ ಏಳುವ ಬೆಟ್ಟ ಹಿಗ್ಗುವುದೂ ಉಂಟು

ಎರಡು ಭೂಫಲಕಗಳು ಡಿಕ್ಕಿ ಹೊಡೆದರೆ ನೆಲ ಮಡಿಚಿಕೊಂಡು ಬೆಟ್ಟ ಏಳುತ್ತದೆ. ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ ಅಲ್ವಾ? ಭೂವಿಜ್ಞಾನವೂ ಬಹಳ ಕಾಲ ಬೆಟ್ಟವನ್ನು ಒತ್ತಡದ ಕಥೆಯಾಗಿಯೇ ನೋಡಿತು. ನೆಲ ಹಿಗ್ಗುವುದು ಬೇರೆ ಅಧ್ಯಾಯ. ಪೂರ್ವ ಆಫ್ರಿಕಾದ ಬಿರುಕು ಕಣಿವೆಗಳಿಗೆ ಮೀಸಲು.

ಗೊಂದಲ ಶುರುವಾಗಿದ್ದು 1970ರ ದಶಕದಲ್ಲಿ, ಅಮೆರಿಕದ ನೆವಾಡಾ, ಅರಿಝೋನಾ ಕಡೆ. ಅಲ್ಲಿ ಆಳದಲ್ಲಿ ಬೆಂದು ರೂಪ ಬದಲಿಸಿದ ಕಲ್ಲಿನ ಮೇಲೆ, ಅಂಥ ಬಿಸಿಯನ್ನೇ ಕಾಣದ ಕಲ್ಲು ನೇರವಾಗಿ ಕೂತಿದೆ. ನಡುವೆ ಹೆಚ್ಚುಕಡಿಮೆ ಚಪ್ಪಟೆಯಾದ ಸ್ತರಭಂಗ, ಅಂದರೆ ಕಲ್ಲು ಸೀಳಿ ಜಾರಿದ ಜಾಗ. ಒತ್ತಡದಲ್ಲಾದರೆ ಆಳದ ಕಲ್ಲು ಮೇಲಿನದರ ಮೇಲೆ ಹತ್ತಬೇಕಿತ್ತು. ಇಲ್ಲಿ ಉಲ್ಟಾ. ನಡುವೆ ಇರಬೇಕಿದ್ದ ಹಲವು ಕಿಲೋಮೀಟರ್ ಕಲ್ಲೇ ಮಾಯ. ನೆಲ ಹಿಗ್ಗಿ, ಮೇಲಿನದು ಪಕ್ಕಕ್ಕೆ ಜಾರಿ, ಆಳದ್ದು ಮೇಲೆ ಬಂದಿದೆ ಅನ್ನದೆ ಬೇರೆ ದಾರಿ ಇರಲಿಲ್ಲ. ಆದರೆ ಲೆಕ್ಕದ ಪ್ರಕಾರ ಹಿಗ್ಗುವ ನೆಲ ಸುಮಾರು 60 ಡಿಗ್ರಿ ಕೋನದಲ್ಲಿ ಸೀಳಬೇಕು. ಇಲ್ಲಿನ ಸ್ತರಭಂಗಗಳ ಕೋನ 30ಕ್ಕೂ ಕಡಿಮೆ. ಕಡಿದಾಗಿ ಹುಟ್ಟಿ ಆಮೇಲೆ ವಾಲಿದವೋ, ಹುಟ್ಟುವಾಗಲೇ ಹೀಗಿದ್ದವೋ? ಜಗಳ ಇನ್ನೂ ಮುಗಿದಿಲ್ಲ. ಲೆಕ್ಕಕ್ಕೆ ಕೂರಲಿಲ್ಲ ಅಂತ ಕಣ್ಣೆದುರಿನ ಕಲ್ಲನ್ನು ಸುಮ್ನೆ ತಳ್ಳಿಹಾಕಲಾಗದು.

1978ರಲ್ಲಿ ಭೂವಿಜ್ಞಾನಿಗಳಾದ ಪೀಟರ್ ಮೊಲ್ನಾರ್ ಮತ್ತು ಪಾಲ್ ಟಪೊನಿಯೇ, ಟಿಬೆಟ್ ಪೂರ್ವ-ಪಶ್ಚಿಮವಾಗಿ ಹಿಗ್ಗುತ್ತಿದೆ ಎಂದು ತೋರಿಸಿದರು. ಭಾರತ ದಕ್ಷಿಣದಿಂದ ತಳ್ಳುತ್ತಲೇ ಇರುವಾಗ! ಮುಂದಿನ ದಶಕದಲ್ಲಿ ಹಿಮಾಲಯದ ನೆತ್ತಿಯಲ್ಲೂ ಜಾರಿದ ಗುರುತು ಸಿಕ್ಕಿತು. ಸುಮಾರು 2 ಕೋಟಿ ವರ್ಷಗಳ ಹಿಂದೆ ಬುಡದಲ್ಲಿ ಕಲ್ಲಿನ ಮೇಲೆ ಕಲ್ಲು ಹತ್ತುತ್ತಿದ್ದಾಗಲೇ, ಮೇಲಿನ ಪದರ ಉತ್ತರಕ್ಕೆ ಜಾರುತ್ತಿತ್ತು. ಎವರೆಸ್ಟ್ ತುದಿಯ ಸುಣ್ಣಕಲ್ಲು ಆ ಪದರದ್ದೇ.

ಯಾಕೆ ಹೀಗೆ? ಟಿಬೆಟ್‌ನ ಕೆಳಗೆ ಭೂಮಿಯ ಹೊರಪದರ ಸುಮಾರು 70 ಕಿಲೋಮೀಟರ್ ದಪ್ಪ, ಮಾಮೂಲಿನ ಎರಡು ಪಟ್ಟು. ಒಳಗೆ ಬಿಸಿಯೇರಿ ಕಲ್ಲು ಮೆತ್ತಗಾದರೆ ತನ್ನ ಭಾರಕ್ಕೆ ತಾನೇ ಹರಡುತ್ತದೆ. ಗ್ರೀಸ್ ಪಕ್ಕದ ಏಜಿಯನ್ ಸಮುದ್ರದ ಕಡೆ ಕಾರಣ ಬೇರೆ: ಕೆಳಗೆ ಮುಳುಗುವ ಫಲಕ ಹಿಂದೆ ಸರಿಯುತ್ತಾ ಹೋದಂತೆ ಮೇಲಿನ ನೆಲವೂ ಆ ಕಡೆಗೆ ಹಿಗ್ಗುತ್ತದೆ.

1980ರ ದಶಕದ ಕೊನೆಗೆ ಇದಕ್ಕೆಲ್ಲ ‘ಕುಸಿತ’ ಎಂಬ ಹೆಸರು ಅಂಟಿಕೊಂಡಿತು. ಅದರಿಂದ ಗೊಂದಲವೇ ಜಾಸ್ತಿಯಾಯಿತೇನೋ. ಬೆಟ್ಟದ ಆಯಸ್ಸು ಮುಗಿದ ಮೇಲಷ್ಟೇ ಹಿಗ್ಗುತ್ತದೆ ಅನ್ನುವ ಹಾಗೆ ಕೇಳಿಸುತ್ತದೆ. ನಾರ್ವೆಯ ಹಳೇ ಬೆಟ್ಟಗಳಿಗೆ ಅದು ಹೊಂದಬಹುದು. ಇಟಲಿಯ ಅಪೆನೈನ್ಸ್‌ಗೆ ಹೊಂದುವುದಿಲ್ಲ. 2009ರಲ್ಲಿ ಲಾಕ್ವಿಲಾ ಊರನ್ನು ಕೆಡವಿದ ಭೂಕಂಪ ನೆಲ ಹಿಗ್ಗಿ ಆದದ್ದು. ಮೂರೇ ವರ್ಷಕ್ಕೆ ಅದೇ ಬೆಟ್ಟಸಾಲಿನ ಉತ್ತರದ ಬುಡದಲ್ಲಿ, ಎಮಿಲಿಯಾದಲ್ಲಿ, ಮತ್ತೆ ನೆಲ ನಡುಗಿತು. ಅದು ಒತ್ತಡದ್ದು.