ಬಟ್ಟೆಗೂ ಬೆಲೆ ಕಟ್ಟಿದ್ದ ಕೂಟ: ಸೆಕ್ಯುಲರ್ ಫ್ರಾನ್ಸಿಸ್ಕನ್ನರು ಮತ್ತು ಸಾಮಾಜಿಕ ನ್ಯಾಯ

2025ರ ಮೇ ತಿಂಗಳಲ್ಲಿ ಹೊಸ ಪೋಪ್ ‘ಲಿಯೋ’ ಎಂಬ ಹೆಸರು ಇಟ್ಟುಕೊಂಡಾಗ ಎಲ್ಲರಿಗೂ ನೆನಪಾಗಿದ್ದು 13ನೇ ಲಿಯೋ. ಕಾರ್ಮಿಕರಿಗೆ ನ್ಯಾಯವಾದ ಕೂಲಿ ಸಿಗಬೇಕು, ಸಂಘ ಕಟ್ಟಿಕೊಳ್ಳುವ ಹಕ್ಕು ಅವರಿಗಿದೆ ಎಂದು 1891ರಲ್ಲಿ ‘ರೇರುಮ್ ನೊವಾರುಮ್’ ಪತ್ರದಲ್ಲಿ ಬರೆದವರು ಅವರೇ. ಕೂಲಿ, ಬಡತನ, ನ್ಯಾಯದ ಬಗ್ಗೆ ಕಥೋಲಿಕ ಧರ್ಮಸಭೆ ಹೇಳುವ ‘ಸಾಮಾಜಿಕ ಬೋಧನೆ’ಯ ಕಥೆಯನ್ನು ಅಲ್ಲಿಂದ ಶುರು ಮಾಡುವುದು ರೂಢಿ. ಆದರೆ ಅದಕ್ಕೂ ಎಂಟು ವರ್ಷ ಮೊದಲು, 1883ರಲ್ಲಿ, ಇದೇ ಪೋಪ್ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅವರ ‘ಮೂರನೇ ಸಭೆ’ಯ ನಿಯಮಗಳನ್ನು ಹಗುರ ಮಾಡಿ, ಜಾಸ್ತಿ ಜನ ಸೇರಲು ದಾರಿ ಮಾಡಿಕೊಟ್ಟಿದ್ದರು. ಅವರೂ ಅದರ ಸದಸ್ಯರೇ. ಸಮಾಜವನ್ನು ಸರಿಮಾಡಲು ಈ ಕೂಟ ಬೇಕೇ ಬೇಕು ಎಂಬುದು ಅವರ ನಂಬಿಕೆಯಾಗಿತ್ತು.

ಮೂರನೇ ಸಭೆ ಅಂದರೆ ಏನು? ಮೊದಲನೆಯದು ಫ್ರಾನ್ಸಿಸ್ಕನ್ ಸನ್ಯಾಸಿಗಳದ್ದು, ಎರಡನೆಯದು ಸಂತ ಕ್ಲೇರಾ ಅವರ ಸನ್ಯಾಸಿನಿಯರದ್ದು. ಮೂರನೆಯದು ಹೆಂಡತಿ, ಮಕ್ಕಳು, ವ್ಯಾಪಾರ ಎಲ್ಲ ಇಟ್ಟುಕೊಂಡೇ ಫ್ರಾನ್ಸಿಸ್ ದಾರಿ ಹಿಡಿದ ಶ್ರೀಸಾಮಾನ್ಯರದ್ದು. ಈಗ ಅದನ್ನು ಸೆಕ್ಯುಲರ್ ಫ್ರಾನ್ಸಿಸ್ಕನ್ ಆರ್ಡರ್ ಎನ್ನುತ್ತಾರೆ (ಇಲ್ಲಿ ಸೆಕ್ಯುಲರ್ ಅಂದರೆ ಮಠದ ಹೊರಗೆ, ಸಂಸಾರದಲ್ಲಿರುವವರು).

1221ರ ಇವರ ಹಳೆಯ ನಿಯಮಾವಳಿ ಓದಿದರೆ ಭಕ್ತಿಯ ಜೊತೆ ದುಡ್ಡಿನ ಮಾತೂ ಧಾರಾಳವಾಗಿದೆ. ಗಂಡಸರು ಬಣ್ಣ ಹಾಕದ ಬಟ್ಟೆಯನ್ನೇ ಉಡಬೇಕು, ಅದರ ಬೆಲೆ ಒಂದು ಮೊಳಕ್ಕೆ ಇಟಲಿಯ ರಾವೆನ್ನಾ ಊರಿನ ಆರು ಸೋಲ್ದಿ ನಾಣ್ಯ ಮೀರಬಾರದು. ಸೇರುವ ಮೊದಲು ಬೇರೆಯವರ ಸೊತ್ತು ಏನಾದರೂ ಕೈಯಲ್ಲಿದ್ದರೆ ವಾಪಸ್ ಕೊಡಬೇಕು. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಒಂದು ಚಿಲ್ಲರೆ ಕಾಸು ಹಾಕಬೇಕು, ಅದು ಕಾಯಿಲೆ ಬಿದ್ದ ಸದಸ್ಯರಿಗೆ, ಬಡವರಿಗೆ. ಸೇರಿದ ಮೂರು ತಿಂಗಳೊಳಗೆ ಉಯಿಲು ಬರೆದಿಡಬೇಕು. ಇಷ್ಟೆಲ್ಲ ಓದಿದ ಮೇಲೆ ಬರುವುದು ನಿಜವಾದ ಬಾಂಬು: ಯಾರ ಮೇಲೂ ಕೊಲ್ಲುವ ಆಯುಧ ಎತ್ತಬಾರದು, ಹೊತ್ತು ತಿರುಗಲೂಬಾರದು, ಕೆಲವೇ ಸಂದರ್ಭ ಬಿಟ್ಟು ಪ್ರಮಾಣ ಮಾಡಬಾರದು.

ಆಗಿನ ಉತ್ತರ ಇಟಲಿಯಲ್ಲಿ ಊರೂರಿಗೆ ಜಗಳ, ಪ್ರಮಾಣ ಮಾಡಿಸಿಕೊಂಡೇ ಜನರನ್ನು ಯುದ್ಧಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಒಂದಷ್ಟು ಮಂದಿ ‘ನಾವು ಪ್ರಮಾಣ ಮಾಡಲ್ಲ, ಕತ್ತಿ ಹಿಡಿಯಲ್ಲ’ ಅಂದರೆ ಆಳುವವರು ಸುಮ್ನೆ ಇರುತ್ತಾರಾ? ಫಾಯೆಂಜಾ ಊರಿನಲ್ಲಿ ಒತ್ತಡ ಬಂದಾಗ, ಈ ಜನರಿಗೆ ರಕ್ಷಣೆ ಕೊಡಿ ಅಂತ ಪೋಪ್ 3ನೇ ಹೊನೋರಿಯಸ್ ಅದೇ ವರ್ಷ ರಿಮಿನಿಯ ಬಿಷಪರಿಗೆ ಬರೆಯಬೇಕಾಯಿತು.

ಅದೇ ಕಾಲದ ಹಂಗೇರಿಯ ಎಲಿಜಬೆತ್‌ಳನ್ನು ಈ ಕೂಟ ತನ್ನ ಪೋಷಕ ಸಂತಳೆಂದು ಕರೆಯುತ್ತದೆ (ಆಕೆ ನಿಜಕ್ಕೂ ಸದಸ್ಯೆಯಾಗಿದ್ದಳೇ ಎಂಬುದರ ಬಗ್ಗೆ ಪಂಡಿತರ ಜಗಳ ಬೇರೆ). ಆಕೆಯ ಸೇವಕಿಯರು ಕೊಟ್ಟ ಸಾಕ್ಷಿ ಉಳಿದಿದೆ. ರಾಜವಂಶದ ಈ ಹೆಣ್ಣುಮಗಳು ಊಟಕ್ಕೆ ಕೂತರೆ, ಬಡಿಸಿದ್ದು ಎಲ್ಲಿಂದ ಬಂತು ಅಂತ ವಿಚಾರಿಸುತ್ತಿದ್ದಳಂತೆ. ಗಂಡನ ನ್ಯಾಯವಾದ ಆದಾಯದ್ದಾದರೆ ತಿನ್ನುವಳು, ರೈತರಿಂದ ಸುಲಿದು ತಂದದ್ದು ಅಂತ ಅನುಮಾನ ಬಂದರೆ ಮುಟ್ಟುತ್ತಿರಲಿಲ್ಲ. ದಾನ ಮಾಡಿದ ರಾಣಿಯರು ಬೇಕಾದಷ್ಟಿದ್ದಾರೆ. ತಟ್ಟೆಯಲ್ಲಿರುವ ಅನ್ನದ ಲೆಕ್ಕ ಕೇಳಿದವರು ಕಡಿಮೆ ಅಲ್ವಾ? ‘ರೇರುಮ್ ನೊವಾರುಮ್’ ಬರುವುದಕ್ಕೆ ಆರೂವರೆ ಶತಮಾನ ಮೊದಲಿನ ಮಾತಿದು.

ಆದರೆ ಹಳೆಯ ನಿಯಮದ ಹರಿತ ಬಹಳ ದಿನ ಉಳಿಯಲಿಲ್ಲ. 1289ರಲ್ಲಿ ಪೋಪ್ 4ನೇ ನಿಕೋಲಾಸ್ ಹೊಸ ನಿಯಮ ಕೊಟ್ಟಾಗ, ಧರ್ಮಸಭೆಯನ್ನೋ ನಂಬಿಕೆಯನ್ನೋ ನಾಡನ್ನೋ ಕಾಪಾಡಲು ಆಯುಧ ಹಿಡಿಯಬಹುದು ಅಂತ ಸೇರಿತು. ಇಷ್ಟು ದೊಡ್ಡ ಬಾಗಿಲು ತೆರೆದ ಮೇಲೆ ಯಾವ ಯುದ್ಧ ತಾನೇ ಹೊರಗೆ ಉಳಿಯುತ್ತದೆ!

ಮತ್ತೆ ಚುರುಕಾಗಿದ್ದು 13ನೇ ಲಿಯೋ ಕಾಲದಲ್ಲಿ, ಅದೂ ಫ್ರಾನ್ಸಿನಲ್ಲಿ. ರೇಮ್ಸ್ ಹತ್ತಿರದ ವಾಲ್-ದೆ-ಬುವಾದಲ್ಲಿ ಲಿಯೋನ್ ಹಾರ್ಮೆಲ್ ಎಂಬ ಉಣ್ಣೆ ಗಿರಣಿ ಮಾಲೀಕರಿದ್ದರು, ಮೂರನೇ ಸಭೆಯವರು. 1890ರ ದಶಕದಲ್ಲೇ ಅವರು ದೊಡ್ಡ ಸಂಸಾರದ ಕಾರ್ಮಿಕರ ಸಂಬಳಕ್ಕೆ ಮೇಲೆ ಸೇರಿಸಿ ಕೊಡಲು ಕುಟುಂಬ ನಿಧಿ ಮಾಡಿದರು. ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಜೊತೆ ಕೂತು ಗಿರಣಿಯ ವಿಚಾರ ಮಾತಾಡುವ ಮಂಡಳಿಯೂ ಬಂತು. 1893ರಲ್ಲಿ ಅಲ್ಲಿಯೇ ಮೂರನೇ ಸಭೆಯವರ ಸಮಾವೇಶ ನಡೆಯಿತು. ನಂತರದ ವರ್ಷಗಳ ಸಮಾವೇಶಗಳಲ್ಲಿ ಬಂಡವಾಳಶಾಹಿಯ ಮೇಲೆ ಬಿಸಿ ಚರ್ಚೆಗಳಾದವು.

ಇದು ರೋಮ್‌ಗೆ ಅತಿಯಾಯಿತು ಅಂತ ಕಾಣುತ್ತದೆ. 1912ರಲ್ಲಿ ಪೋಪ್ 10ನೇ ಪಯಸ್, ಈ ಕೂಟಗಳು ಕೂಟಗಳಾಗಿ ರಾಜಕೀಯಕ್ಕೂ ಬರೀ ಆರ್ಥಿಕ ವಿಷಯಗಳಿಗೂ ಕೈ ಹಾಕಬಾರದು ಎಂದು ಬರೆದರು. ಸದಸ್ಯರು ಬೇಕಾದರೆ ಬೇರೆ ಸಂಘಗಳಿಗೆ ಸೇರಿ ಕೆಲಸ ಮಾಡಲಿ, ಕೂಟದ ಕೆಲಸ ಆತ್ಮಶುದ್ಧಿ. ಇದರಿಂದ ದೊಡ್ಡ ನಷ್ಟ ಆಯಿತು ಅನ್ನುವುದು ನನ್ನ ಅನಿಸಿಕೆ. ನ್ಯಾಯದ ಪ್ರಶ್ನೆ ಒಬ್ಬೊಬ್ಬರ ಆತ್ಮಸಾಕ್ಷಿಯ ತಲೆಗೆ ಬಿತ್ತು.

ಅದನ್ನು ಹೊತ್ತವರಲ್ಲಿ ಆಸ್ಟ್ರಿಯಾದ ರೈತ ಫ್ರಾಂಜ್ ಯೇಗರ್‌ಸ್ಟೇಟರ್ ಒಬ್ಬರು. 1940ರಲ್ಲಿ ಸೇನಾ ತರಬೇತಿಯ ಹೊತ್ತಿನಲ್ಲೇ ಮೂರನೇ ಸಭೆಗೆ ಸೇರಿದರು. ಆಮೇಲೆ ಹಿಟ್ಲರನ ಯುದ್ಧಕ್ಕೆ ಬಂದೂಕು ಹಿಡಿಯಲ್ಲ ಅಂದರು. ಹೆಂಡತಿ, ಚಿಕ್ಕ ಹೆಣ್ಣುಮಕ್ಕಳು ಇದ್ದಾರಲ್ಲ ಅಂತ ಬಿಷಪರೂ ಬುದ್ಧಿ ಹೇಳಿದರು. ಕೇಳಲಿಲ್ಲ. 1943ರ ಆಗಸ್ಟ್ 9ರಂದು ತಲೆ ಕಡಿದರು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರ (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನವರ) ಸಾಲಿಗೆ ಸೇರಿಸಿತು.

ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಮಾತಿನ ಧಾಟಿಯನ್ನೇ ಬದಲಿಸಿತು. ನ್ಯಾಯವಾಗಿ ಕೊಡಬೇಕಾದ್ದನ್ನು ದಾನ ಅಂತ ಕೊಡಬೇಡಿ ಎಂದು 1965ರಲ್ಲಿ ಶ್ರೀಸಾಮಾನ್ಯರ ಕುರಿತ ಅದರ ಆದೇಶಪತ್ರ ನೇರವಾಗಿ ಹೇಳಿತು. 1978ರ ಜೂನ್ 24ರಂದು, ಸಾಯುವುದಕ್ಕೆ ಆರು ವಾರ ಮೊದಲು, ಪೋಪ್ 6ನೇ ಪೌಲ್ ಈ ಕೂಟಕ್ಕೆ ಹೊಸ ನಿಯಮ ಕೊಟ್ಟರು. 26 ಕಲಮುಗಳ ಪುಟ್ಟ ಕಡತ. ಅದರ 15ನೇ ಕಲಮಿನ ಪ್ರಕಾರ ಸದಸ್ಯರು ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ನ್ಯಾಯದ ಕೆಲಸದಲ್ಲಿ ಮುಂದಿನ ಸಾಲಿನಲ್ಲಿರಬೇಕು, ಸಾರ್ವಜನಿಕ ಬದುಕಿನಲ್ಲಿ ಖಚಿತ ನಿಲುವು ತಗೊಳ್ಳಬೇಕು. ‘ಒಟ್ಟಾಗಿಯೂ’ ಅಂದಿದ್ದೇ 1912ರ ಪತ್ರಕ್ಕೆ ಉತ್ತರ.

ಆದರೂ ಎಲ್ಲವೂ ವಾಪಸ್ ಬರಲಿಲ್ಲ. ಕೂಟದ್ದೇ ಆದ 2000ದ ಸಂವಿಧಾನದಲ್ಲಿ ಆಯುಧದ ಕಲಮು ಹುಡುಕಿದರೆ ಸಿಗುವುದು ಇಷ್ಟು: ವ್ಯಕ್ತಿಗೂ ದೇಶಕ್ಕೂ ಆತ್ಮರಕ್ಷಣೆಯ ಹಕ್ಕಿದೆ, ಆದರೆ ಆತ್ಮಸಾಕ್ಷಿಗೆ ಅಂಜಿ ಆಯುಧ ಬೇಡ ಅಂದವರ ಆಯ್ಕೆಯನ್ನು ಸದಸ್ಯರು ಗೌರವಿಸಬೇಕು. 1221ರಲ್ಲಿ ಆಯುಧ ಹಿಡಿಯದಿರುವುದು ಎಲ್ಲ ಸದಸ್ಯರಿಗೂ ಕಟ್ಟಳೆಯಾಗಿತ್ತು. ಈಗ ಬೇಡ ಅಂದವರಿಗೆ ಮರ್ಯಾದೆ ಕೊಟ್ಟರೆ ಸಾಕು.